ರಥಬೀದಿಯ ಹಳೇ ಮನೆಯನ್ನು ಕೆಡವದೆ ಬಳಕೆಗೆ ತಂದದ್ದು

ಮಂಗಳೂರಿನ ರಥಬೀದಿ, ಬಂದರು ಕಡೆ ಹಳೇ ಹಂಚಿನ ಮನೆ ಮಾರಾಟವಾಯಿತೆಂದರೆ ಮುಂದೆ ಬರುವುದು ಜೆಸಿಬಿಯೇ. ನಾನು ಸಿವಿಲ್ ಕೆಲಸದವನು. ಈಗ ಇಂಥ ಮನೆಗಳನ್ನು ರಿಪೇರಿ ಮಾಡಿ ಮತ್ತೆ ಬಳಕೆಗೆ ತರುವ ಕೆಲಸವನ್ನೇ ಜಾಸ್ತಿ ಮಾಡುತ್ತೇನೆ. ಮನೆಗಿಂತ ಹೆಚ್ಚಾಗಿ ಬೀದಿಗಾಗಿ. ಹಳೇ ಅಂಗಡಿಮನೆಗಳು ರಸ್ತೆಗೆ ತಾಗಿಯೇ ನಿಂತಿವೆ. ಕೆಡವಿದರೆ ಹೊಸ ಕಟ್ಟಡ ಹಿಂದೆ ಸರಿಯುತ್ತದೆ, ಮುಂದೆ ಕಾರು ನಿಲ್ಲುತ್ತದೆ. ಹೂ ಮಾರುವವರು ಕೂರುವ ಜಗಲಿ ಹೋಯಿತು, ಮಳೆ ಬಂದಾಗ ಓಡಿ ನಿಲ್ಲುವ ಜಾಗವೂ ಹೋಯಿತು. ಸಾಲಾಗಿ ಹೀಗೇ ಆದರೆ ಅಲ್ಲಿ ನಡೆದು ಹೋಗುವವರು ಯಾರು?

2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ರಸ್ತೆ, ಚರಂಡಿ, ಫುಟ್‌ಪಾತ್ ಎಲ್ಲ ಬೇಕಾದದ್ದೇ. ಆದರೆ ಪಕ್ಕದ ಮನೆಗೆ ಬೀಗ ಬಿದ್ದಿದ್ದರೆ ಆ ಫುಟ್‌ಪಾತ್ ಯಾರಿಗೆ?

ನಾನು ಹೇಳಹೊರಟ ಮನೆಯೂ ಹಾಗೇ ಇತ್ತು. ಕೆಳಗೆ ಒಬ್ಬ ಟೈಲರ್, ಮಹಡಿ ಖಾಲಿ. ಪಾಲುದಾರರು ಮುಂಬಯಿಯಲ್ಲಿ, ಗಲ್ಫ್‌ನಲ್ಲಿ. ಇಂಥ ಕಡೆ ಕಷ್ಟದ ಕೆಲಸ ಗಾರೆಯದ್ದಲ್ಲ, ಸಹಿಯದ್ದು. ಕೊಡಿಯಾಲ್ ತೇರಿಗೆ, ಅಂದರೆ ರಥಬೀದಿಯ ವೆಂಕಟರಮಣ ದೇವಸ್ಥಾನದ ರಥೋತ್ಸವಕ್ಕೆ, ಎಲ್ಲರೂ ಊರಿಗೆ ಬರುತ್ತಾರೆ ಅಲ್ವಾ, ಆಗಲೇ ಕೂತು ಮಾತಾಡಿದೆವು. "ಅಲ್ಲ ಮಾರಾಯ್ರೆ, ನಾಳೆ ಸೋರಿದ್ರೆ ನೋಡುವವರು ಯಾರು?" ಎಂದರು ಮನೆಯ ಹಿರಿಯರು. ನ್ಯಾಯವಾದ ಪ್ರಶ್ನೆ. ಬಾಡಿಗೆಯಲ್ಲಿ ಒಂದು ಭಾಗವನ್ನು ಹಂಚಿಕೊಳ್ಳದೆ ರಿಪೇರಿಗೇ ಬ್ಯಾಂಕಿನಲ್ಲಿ ಇಡುವುದೆಂದು ಕಾಗದದಲ್ಲಿ ಬರೆದ ಮೇಲೆಯೇ ಅವರು ಒಪ್ಪಿದ್ದು.

ಮೊದಲು ಮುಟ್ಟಿದ್ದು ಮಾಡನ್ನು, ಅಂದರೆ ಹಂಚಿನ ಛಾವಣಿಯನ್ನು. ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ಮುಗಿಯಲೇಬೇಕು. ಹಂಚು ಒಂದೊಂದಾಗಿ ಇಳಿಸಿ, ಪಾಚಿ ಉಜ್ಜಿ, ಬಿಸಿಲಿಗೆ ಇಟ್ಟೆವು. ಬೆರಳ ಗಂಟಿನಿಂದ ತಟ್ಟಿದರೆ ಗಟ್ಟಿ ಹಂಚು ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಕೇಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನೇತ್ರಾವತಿ ದಡದಲ್ಲಿ ಇನ್ನೂ ಎಷ್ಟೋ ಕಾರ್ಖಾನೆಗಳು ಎದ್ದವು. ಒಂದೊಂದರ ಅಚ್ಚು ಒಂದೊಂದು ಥರ. ಬೇರೆ ಕಾರ್ಖಾನೆಯ ಹಂಚು ಪಕ್ಕಪಕ್ಕ ಇಟ್ಟರೆ ಸರಿಯಾಗಿ ಕಚ್ಚಿ ಕೂರುವುದಿಲ್ಲ, ಸೋರುವುದು ಅಲ್ಲೇ. ಅದಕ್ಕೆ ಹಂಚಿನ ಹಿಂಬದಿಯಲ್ಲಿರುವ ಕಾರ್ಖಾನೆಯ ಹೆಸರು ನೋಡಿ ಬೇರೆ ಬೇರೆ ರಾಶಿ ಹಾಕಿದೆವು. ಒಂದೇ ಅಚ್ಚಿನ ಗಟ್ಟಿ ಹಂಚೆಲ್ಲ ಗಾಳಿಮಳೆ ಹೊಡೆಯುವ ಪಡುವಣ ಬದಿಗೆ, ಉಳಿದದ್ದು ಮೂಡಣ ಬದಿಗೆ. ಹಂಚು ಹೊರುವ ಮರದ ಪಟ್ಟಿಗಳಲ್ಲಿ, ಅಂದರೆ ಪಕ್ಕಾಸುಗಳಲ್ಲಿ, ಗೆದ್ದಲು ತಿಂದವನ್ನು ಬಡಗಿ ಆಚಾರ್ರು ಪೂರ್ತಿ ಬದಲಿಸಲಿಲ್ಲ, ಹಾಳಾದ ತುದಿ ಕತ್ತರಿಸಿ ಅಷ್ಟಕ್ಕೇ ಹೊಸ ಮರ ಸೇರಿಸಿದರು.

ಗೋಡೆ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆಯದು. ಯಾರೋ ಹಿಂದೆ ಮೊಣಕಾಲೆತ್ತರ ಸಿಮೆಂಟ್ ಬಳಿದಿದ್ದರು. ಮುರಕಲ್ಲು ನೀರು ಹೀರುವ ಕಲ್ಲು, ಆ ನೀರು ಆರಿ ಹೊರಗೆ ಹೋಗಬೇಕು. ಸಿಮೆಂಟ್ ದಾರಿ ಮುಚ್ಚಿದರೆ ಅದು ಗೋಡೆಯೊಳಗೇ ಮೇಲೇರುತ್ತದೆ. ಸಿಮೆಂಟ್ ಕೆತ್ತಿ ತೆಗೆದು, ಒಂದು ಮಳೆಗಾಲ ದಾಟಿಸಿ, ಗೋಡೆ ಒಣಗಿದ ಮೇಲೆ ಸುಣ್ಣದ ಗಾರೆ ಹಾಕಿದೆವು. ಈ ಕಾಯುವಿಕೆಗೆ ಮನೆಯವರನ್ನು ಒಪ್ಪಿಸುವುದು ಕಷ್ಟ, ಆದರೆ ಅವಸರಕ್ಕೆ ಬಿದ್ದರೆ ಬಣ್ಣ ಮತ್ತೆ ಏಳುತ್ತದೆ. ಹಿಂದುಗಡೆ ಹೊಸ ಟಾಯ್ಲೆಟ್, ಯುಜಿಡಿ (ಒಳಚರಂಡಿ) ಕನೆಕ್ಷನ್, ವಯರಿಂಗ್ ಎಲ್ಲ ಮಾಮೂಲಿ ಕೆಲಸ.

ಟೈಲರನ್ನು ಎಬ್ಬಿಸಬಾರದು ಎಂದು ನಾನು ಹಟ ಹಿಡಿದಿದ್ದೆ. ಮನೆ ಚಂದ ಮಾಡಿ, ಇದ್ದವರನ್ನೇ ಓಡಿಸಿದರೆ ಬೀದಿಗೆ ಜೀವ ಬಂತು ಅನ್ನುವುದು ಹೇಗೆ? ಕೆಲಸ ನಡೆಯುವಾಗ ಅವರ ಹೊಲಿಗೆ ಮಿಷನ್ ಹಿಂದಿನ ಕೋಣೆಗೆ ಹೋಯಿತು, ಆಮೇಲೆ ಅದೇ ಜಗಲಿಗೆ ಬಂತು. ಮಹಡಿಯನ್ನು ಆಫೀಸಿಗೆ ಕೊಡದೆ ಸಂಸಾರಕ್ಕೇ ಬಾಡಿಗೆಗೆ ಕೊಟ್ಟರು. ಅಂಗಡಿ ಮುಚ್ಚಿದ ಮೇಲೂ ಅಲ್ಲಿ ಜನ ಇರುತ್ತಾರೆ, ಹತ್ತಿರದ ದಿನಸಿ ಅಂಗಡಿಗೂ ವ್ಯಾಪಾರ.

ಈಗ ಎದುರು ಸಾಲಿನ ಒಂದು ಮನೆಯವರು ಕರೆದಿದ್ದಾರೆ. ಅವರಿಗೆ ಹಲಗೆ ಬಾಗಿಲು ತೆಗೆದು ರೋಲಿಂಗ್ ಶಟರ್ ಹಾಕಬೇಕಂತೆ. ಹಲಗೆ ಇರಲಿ, ಒಳಗಿನಿಂದ ಗ್ರಿಲ್ ಹಾಕೋಣ ಎಂದಿದ್ದೇನೆ. ಮಾತು ಇನ್ನೂ ಮುಗಿದಿಲ್ಲ.