ಲಕ್ಷ್ಮಮ್ಮ ಎಂದು ಚೆನ್ನಾಗಿ ಬರೆಯಬಲ್ಲ ಫಾಂಟ್: ನನ್ನ ಅನುಭವ

ತುಮಕೂರಿನಲ್ಲಿ ಲಗ್ನಪತ್ರಿಕೆಗಳನ್ನೂ ಅಂಗಡಿಗಳ ಬೋರ್ಡುಗಳನ್ನೂ ವಿನ್ಯಾಸ ಮಾಡುವುದು ನನ್ನ ಕಸುಬು. ವಧೂವರರ ಹೆಸರುಗಳನ್ನು ಕೈಯಲ್ಲೇ ಬರೆದುಕೊಡುತ್ತಿದ್ದ ನಾನು ಆ ಬರಹವನ್ನೇ ಯುನಿಕೋಡ್ ಫಾಂಟಾಗಿ ರೂಪಿಸಿಕೊಂಡೆ. ಇಂಗ್ಲಿಷಿನ ಸ್ಕ್ರಿಪ್ಟ್ ಫಾಂಟುಗಳಿಗೆ ಕೈಬರಹದ ಕಳೆ ಬರುವುದು ಅಕ್ಷರದಿಂದ ಅಕ್ಷರಕ್ಕೆ ಹರಿಯುವ ಕೊಂಡಿಯಿಂದ. ನಮ್ಮ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುವುದರಿಂದ, ಕನ್ನಡದಲ್ಲಿ ಆ ಕಳೆಯನ್ನು ತಲೆಕಟ್ಟಿನಲ್ಲಿಯೂ ಒತ್ತಕ್ಷರದಲ್ಲಿಯೂ ತರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಚಪ್ಪಟೆ ಮೊನೆಯ ನಿಬ್ಬನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದರೆ ಬಲಕ್ಕೆ ಇಳಿಯುವ ಗೆರೆ ನಿಬ್ಬಿನಷ್ಟೇ ಅಗಲವಾಗಿಯೂ ಬಲಕ್ಕೆ ಏರುವ ಗೆರೆ ಕೂದಲೆಳೆಯಷ್ಟು ತೆಳುವಾಗಿಯೂ ಮೂಡುತ್ತದೆ. ತಲೆಕಟ್ಟಿನ ತುದಿ ಹೀಗೆ ಏರುವಂಥದ್ದಾದ್ದರಿಂದ ಕಾಗದದ ಮೇಲೆ ಬಹಳ ಚೆಲುವಾಗಿ ಕಾಣುತ್ತದೆಯಾದರೂ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಅಷ್ಟು ಸಣ್ಣ ಗೆರೆ ಕಡಿದುಹೋಗುತ್ತದೆ. ಅದಕ್ಕಾಗಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಅಕ್ಷರಗಳ ಅಂಚನ್ನು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಎತ್ತಿಕೊಂಡ ಮೇಲೆ ಆ ತುದಿಗಳಿಗೆ ಒಂದೊಂದಾಗಿ ದಪ್ಪ ಕೊಟ್ಟೆ. ಮಹಾಪ್ರಾಣದ ಹೊಟ್ಟೆಸೀಳು ಮಸಿಯಲ್ಲಿ ಮುಚ್ಚಿ ಹೋದರೆ ಧ ಎಂಬುದು ದ ಎಂದೇ ಓದಿಸಿಕೊಳ್ಳುವುದರಿಂದ ಅಲ್ಲಿಯೂ ಜಾಗ ಬಿಡಿಸಿದೆ.

ಉಳಿದ ಕೆಲಸ ಫಾಂಟ್ ತಯಾರಿಸುವ ತಂತ್ರಾಂಶವಾದ ಫಾಂಟ್‌ಫೋರ್ಜಿನಲ್ಲಿ ನಡೆಯಿತು. ಗುಡಿಸು ಬಂದಾಗ ತಲೆಕಟ್ಟು ಇಲ್ಲವಾಗಿ ಅಕ್ಷರದ ನೆತ್ತಿಯೇ ಬದಲಾಗುವುದರಿಂದ ಕಿ, ಗಿ, ತಿ ಮೊದಲಾದವನ್ನು ಇಡಿಯಾಗಿಯೇ ಬರೆದೆ.

ಅತ್ಯಂತ ಹೆಚ್ಚು ಶ್ರಮ ಬೇಡಿದ್ದು, ಅಷ್ಟೇ ಸಂತೋಷ ಕೊಟ್ಟಿದ್ದು ಒತ್ತಕ್ಷರ. ನಮ್ಮ ಕಡೆಯ ಹಿರಿಯರ ಹೆಸರುಗಳು ಬಹುಮಟ್ಟಿಗೆ ಅಮ್ಮ, ಅಪ್ಪ ಎಂದೇ ಮುಗಿಯುತ್ತವೆ; ಆದ್ದರಿಂದ ಮ್ಮ, ಪ್ಪ ಚೆನ್ನಾಗಿರದ ಫಾಂಟಿನಲ್ಲಿ ಇಲ್ಲಿನ ಲಗ್ನಪತ್ರಿಕೆ ಮಾಡಲಾಗದು. ಲಕ್ಷ್ಮಮ್ಮ ಎಂದು ಬರೆದಾಗ ಎರಡು ಮ-ಒತ್ತುಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಕೈಯಲ್ಲಿ ಬರೆಯುವವನು ಮೊದಲನೆಯದನ್ನು ತಾನಾಗಿಯೇ ಕಿರಿದಾಗಿಸಿ ಎರಡನೆಯದರ ಬಾಲವನ್ನು ನೀಳವಾಗಿ ಎಳೆಯುತ್ತಾನೆ. ಫಾಂಟಿಗೆ ಈ ವಿವೇಕವನ್ನು ನಾವೇ ಕಲಿಸಬೇಕು: ಮುಂದಿನ ಅಕ್ಷರಕ್ಕೂ ಒತ್ತು ಇದ್ದರೆ ಕಿರಿದಾದ ರೂಪ ಬರಲಿ, ಪದ ಅಲ್ಲಿಗೇ ಮುಗಿದರೆ ಬಾಲವಿರುವ ರೂಪ ಬರಲಿ ಎಂದು, ಯಾವಾಗ ಯಾವ ರೂಪ ಬರಬೇಕೆಂದು ಫಾಂಟಿನೊಳಗೇ ತಿಳಿಸುವ ಓಪನ್‌ಟೈಪ್ ನಿಯಮಗಳನ್ನು ಬರೆದೆ. ಚಿಕ್ಕನಾಯಕನಹಳ್ಳಿಯಂತಹ ಹೆಸರಿನಲ್ಲಿ ಎರಡು ನಕಾರಗಳು ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಕೈಬರಹವೆಂಬ ನಂಬಿಕೆ ಅಲ್ಲಿಯೇ ಹೋಗುತ್ತದೆ. ಅದಕ್ಕೆ ಕ, ನ, ಮ, ರ ಅಕ್ಷರಗಳಿಗೆ ಪರ್ಯಾಯ ರೂಪಗಳನ್ನೂ ಸೇರಿಸಿದೆ.

ಈ ಫಾಂಟನ್ನು ಹೆಸರುಗಳಿಗೂ ತಲೆಬರಹಕ್ಕೂ ಮಾತ್ರ, 24 ಪಾಯಿಂಟಿಗೆ ಕಡಿಮೆಯಾಗದಂತೆ ಬಳಸುತ್ತೇನೆ. ಮುಹೂರ್ತ, ಛತ್ರದ ವಿಳಾಸ, ಉಳಿದ ಬಂಧುಗಳ ಹೆಸರುಗಳು ಸಾಧಾರಣ ಫಾಂಟಿನಲ್ಲೇ ಇರಬೇಕು, ಏಕೆಂದರೆ ಅವನ್ನು ಅಜ್ಜಿಯರೂ ಕನ್ನಡಕವಿಲ್ಲದೆ ಓದುವಂತಿರಬೇಕು. ನಮ್ಮೂರಿನ ಬಿ.ಎಚ್. ರಸ್ತೆಯ ಅಂಗಡಿ ಬೋರ್ಡಿಗಾದರೆ ಒಂದೆರಡು ಪದ ಸಾಕು, ಅದೂ ದಪ್ಪ ರೂಪದಲ್ಲಿ. ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತುಗಳು ಸರಿಯಾಗಿ ಕೂಡುವುದಿಲ್ಲ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಫಾಂಟ್ ಇರುವುದಿಲ್ಲವಾದ್ದರಿಂದ, ಮನೆಯವರು ಕರಡು ನೋಡಿ ಒಪ್ಪಿದ ಮೇಲೆ ಅಕ್ಷರಗಳನ್ನು ಕರ್ವ್ಸ್ ಮಾಡಿಯೇ, ಅಂದರೆ ಫಾಂಟ್ ಬೇಡದ ಗೆರೆಚಿತ್ರಗಳಾಗಿಸಿಯೇ ಕಳಿಸುತ್ತೇನೆ.