ಮಣ್ಣಿನ ಬ್ಲಾಕ್ ಒತ್ತುವ ಕ್ರಮ: ಗುಂಡಿಯಿಂದ ಗೋಡೆಯವರೆಗೆ

ಗೋಡೆಗೆ ಇಂದು ಸಿಮೆಂಟಿನ ಸಾಲಿಡ್ ಬ್ಲಾಕ್, ಹಾಲೋ ಬ್ಲಾಕ್, ಹಗುರವಾದ ಎಎಸಿ ಬ್ಲಾಕ್, ಕರಾವಳಿಯಲ್ಲಾದರೆ ಕೆಂಪುಕಲ್ಲು, ಎಲ್ಲವೂ ಸಿಗುತ್ತವೆ. ಮನೆ ಕಟ್ಟುವ ಜಾಗದ ಮಣ್ಣನ್ನೇ ಬಳಸಿ, ಗೂಡು ಸುಡದೆ, ಸೌದೆ ಕಡಿಯದೆ ಮಾಡಬಹುದಾದದ್ದು ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ, ಅಂದರೆ ನಮ್ಮ ಹಳ್ಳಿಗಳಿಗೆ ಅಸ್ತ್ರ ಒಲೆ ಕೊಟ್ಟವರೇ, ಈ ಕೆಲಸಕ್ಕೆ ‘ಮರ್ದಿನಿ’ ಎಂಬ ಕೈಯಂತ್ರವನ್ನು ರೂಪಿಸಿತು. ಯಂತ್ರ ಸರಳ. ಬ್ಲಾಕ್ ಕೆಡುವುದು ಹೆಚ್ಚಾಗಿ ಯಂತ್ರಕ್ಕೆ ಮಣ್ಣು ಬೀಳುವ ಮೊದಲೇ, ಹಾಗಾಗಿ ಆ ಭಾಗವನ್ನೇ ಇಲ್ಲಿ ವಿವರವಾಗಿ ಹೇಳುತ್ತೇವೆ.

ಮೇಲಿನ ಒಂದಡಿ ಮಣ್ಣನ್ನು ತೆಗೆದು ತೋಟಕ್ಕೆ ಹಾಕಿ. ಅದರಲ್ಲಿ ಬೇರು, ಕೊಳೆತ ಎಲೆ ಇರುತ್ತವೆ. ಅವು ಸಿಮೆಂಟ್ ಗಟ್ಟಿಯಾಗಲು ಬಿಡುವುದಿಲ್ಲ. ಕೆಳಗಿನ ಕೆಂಪುಮಣ್ಣು ಬೇಕಾದದ್ದು. ಎರೆಮಣ್ಣಿಗೆ ಮಾತ್ರ ಈ ವಿಧಾನ ಹೊಂದುವುದಿಲ್ಲ. ನೀರು ಕುಡಿದು ಹಿಗ್ಗುವ, ಒಣಗಿ ಬಿರಿಯುವ ಅದರ ಗುಣವನ್ನು ಇಷ್ಟು ಕಡಿಮೆ ಸಿಮೆಂಟ್ ತಡೆಯಲಾರದು. ಅಲ್ಲಿ ಸುಣ್ಣ ಬೇಕು, ಅದರ ಲೆಕ್ಕವೇ ಬೇರೆ.

ಮಣ್ಣಿನಲ್ಲಿ ಏನಿದೆ ಎಂದು ತಿಳಿಯಲು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಒಂದು ಚಿಟಿಕೆ ಉಪ್ಪು ಹಾಕಿ, ನೀರು ತುಂಬಿ ಚೆನ್ನಾಗಿ ಕುಲುಕಿ. ಗಂಟೆ ಬಿಟ್ಟು ಮತ್ತೊಮ್ಮೆ ಕುಲುಕಿ, ಒಂದು ದಿನ ಅಲುಗಿಸದೆ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಅದರ ಮೇಲೆ ನುಣುಪು ಧೂಳು, ಎಲ್ಲಕ್ಕಿಂತ ಮೇಲೆ ಜೇಡಿ. ಪದರಗಳನ್ನು ಅಳತೆಪಟ್ಟಿಯಿಂದ ಅಳೆಯಿರಿ. ಜೇಡಿ ನೀರು ಹೀರಿ ಉಬ್ಬಿರುವುದರಿಂದ ಇದು ಅಂದಾಜು ಮಾತ್ರ, ಆದರೂ ದಾರಿ ತೋರಿಸುತ್ತದೆ. ಒತ್ತಲು ಸಿದ್ಧವಾದ ಮಿಶ್ರಣದಲ್ಲಿ ಮರಳು ಶೇ 65ರಿಂದ 75, ಜೇಡಿ ಶೇ 10ರಿಂದ 15 ಇರಬೇಕು. ನಮ್ಮ ಕೆಂಪುಮಣ್ಣಿನಲ್ಲಿ ಜೇಡಿ ಇದಕ್ಕಿಂತ ಹೆಚ್ಚಿರುವುದೇ ಸಾಮಾನ್ಯ. ಉದಾಹರಣೆಗೆ ಮರಳು ಶೇ 50, ಜೇಡಿ ಶೇ 30 ಬಂದರೆ ಒಂದು ಪಾಲು ಮಣ್ಣಿಗೆ ಒಂದು ಪಾಲು ಮರಳು ಸೇರಿಸಿ. ಮರಳು ಶೇ 75ಕ್ಕೆ ಏರಿ ಜೇಡಿ ಶೇ 15ಕ್ಕೆ ಇಳಿಯುತ್ತದೆ. ಹೊಳೆ ಮರಳೇ ಆಗಬೇಕಿಲ್ಲ, ಕ್ರಷರ್ ಪುಡಿ ನಡೆಯುತ್ತದೆ. ಮರಳು ಬೆರೆಸುವ ಬದಲು ಸಿಮೆಂಟ್ ಜಾಸ್ತಿ ಹಾಕಿ ಸರಿತೂಗಿಸೋಣ ಎನ್ನುವ ಲೆಕ್ಕ ತಪ್ಪು. ದುಡ್ಡೂ ಹೋಗುತ್ತದೆ, ಬಿರುಕೂ ಬರುತ್ತದೆ.

ಮಣ್ಣನ್ನು ಒಣಗಿಸಿ, ಹೆಂಟೆ ಒಡೆದು, 5 ಮಿಲಿಮೀಟರ್ ಜರಡಿಯಲ್ಲಿ ಜಾಲಿಸಿ. ಮರ್ದಿನಿಯಲ್ಲಿ ಸಾಮಾನ್ಯವಾಗಿ ಎರಡು ಅಳತೆಯ ಬ್ಲಾಕ್ ಬರುತ್ತವೆ: 230×190×100 ಮತ್ತು 305×143×100 ಮಿಲಿಮೀಟರ್. ಎರಡರ ಗಾತ್ರವೂ ಹೆಚ್ಚುಕಡಿಮೆ 4.4 ಲೀಟರ್. ಒಮ್ಮೆಗೆ 200 ಕಿಲೋ ಮಣ್ಣು-ಮರಳಿಗೆ 14 ಕಿಲೋ ಸಿಮೆಂಟ್, ಅಂದರೆ ಶೇ 7, ಕಲಸಿ; ಸುಮಾರು 27 ಬ್ಲಾಕ್ ಆಗುತ್ತವೆ. ಇಡೀ ಮೂಟೆ ಸಿಮೆಂಟನ್ನು ಒಟ್ಟಿಗೆ ಕಲಸಬೇಡಿ. ನೀರು ತಾಗಿದ ಮಿಶ್ರಣ ಅರ್ಧ ಗಂಟೆಯೊಳಗೆ ಯಂತ್ರಕ್ಕೆ ಹೋಗಬೇಕು, ತಡವಾದಷ್ಟೂ ಸಿಮೆಂಟ್ ಬಿಗಿದುಕೊಂಡು ಮಣ್ಣು ಒತ್ತಡಕ್ಕೆ ಬಗ್ಗುವುದಿಲ್ಲ.

ಬಣ್ಣ ಒಂದೇ ಸಮ ಆಗುವವರೆಗೆ ಒಣದಾಗಿಯೇ ಕಲಸಿ, ಆಮೇಲೆ ನೀರನ್ನು ಶವರ್ ಇರುವ ಕ್ಯಾನಿನಿಂದ ಚಿಮುಕಿಸಿ. ಮಣ್ಣಿನಲ್ಲಿ ಮೊದಲೇ ಇರುವ ತೇವ ಸೇರಿ ಒಟ್ಟು ನೀರು ಶೇ 10ರಿಂದ 12, ಅಂದರೆ ಈ ಕಲಸಿಗೆ 21ರಿಂದ 25 ಲೀಟರ್. ಹದ ನೋಡಲು ಒಂದು ಮುಷ್ಟಿ ಹಿಸುಕಿ ಉಂಡೆ ಮಾಡಿ, ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಹಾಗೇ ಕುಳಿತರೆ ಹೆಚ್ಚು.

ಈಗ ತಕ್ಕಡಿ. ಪ್ರತಿ ಬ್ಲಾಕಿಗೂ ಮಣ್ಣನ್ನು ತೂಗಿಯೇ ಹಾಕಬೇಕು, ಇದರಲ್ಲಿ ರಾಜಿ ಇಲ್ಲ. ಅಚ್ಚಿನ ಆಳವೂ ಹಿಡಿಕೆಯ ಚಲನೆಯೂ ಬದಲಾಗುವುದಿಲ್ಲವಾದ್ದರಿಂದ ಬ್ಲಾಕ್ ಎಷ್ಟು ಬಿಗಿಯಾಗುತ್ತದೆ ಎನ್ನುವುದನ್ನು ಒಳಗೆ ಬಿದ್ದ ತೂಕವೇ ನಿರ್ಧರಿಸುತ್ತದೆ. ಒದ್ದೆ ಮಣ್ಣು ಸುಮಾರು 8.7 ಕಿಲೋ ಹಾಕಿದರೆ ಒಣಗಿದ ಬ್ಲಾಕಿನ ಸಾಂದ್ರತೆ ಲೀಟರಿಗೆ 1.8 ಕಿಲೋ ಬರುತ್ತದೆ. ಅರ್ಧ ಕಿಲೋ ಕಡಿಮೆಯಾದರೆ ಹಿಡಿಕೆ ಸಲೀಸಾಗಿ ಇಳಿಯುತ್ತದೆ, ನೋಡಲು ಬ್ಲಾಕ್ ಚೆನ್ನಾಗಿಯೇ ಇರುತ್ತದೆ, ಆದರೆ ಮಳೆಗೆ ಕರಗುತ್ತದೆ. ಬಾಂಡ್ಲಿ ಲೆಕ್ಕದಲ್ಲಿ ಸುರಿದರೆ ಎರಡು ಬ್ಲಾಕ್ ಒಂದೇ ಸಮ ಬರುವುದಿಲ್ಲ.

ಅಚ್ಚಿನ ಒಳಗೋಡೆಗೆ ಎಣ್ಣೆ ಸವರಿ. ಮಣ್ಣು ಸುರಿದು ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಅದುಮಿ, ಮುಚ್ಚಳ ಹಾಕಿ, ಹಿಡಿಕೆಯನ್ನು ಕೊನೆಯವರೆಗೆ ಎಳೆಯಿರಿ. ಹೊರಬಂದ ಬ್ಲಾಕನ್ನು ಎರಡೂ ಅಂಗೈಗಳಿಂದ ಪಕ್ಕಗಳಲ್ಲಿ ಹಿಡಿದು ಎತ್ತಿ. ಮೂಲೆ ಉದುರಿದರೆ ತುಂಬುವಾಗ ಮೂಲೆ ಅದುಮಿಲ್ಲ. ಮೈ ಅಚ್ಚಿಗೆ ಅಂಟಿದರೆ ನೀರು ಅಥವಾ ಜೇಡಿ ಹೆಚ್ಚು. ಎತ್ತುವಾಗಲೇ ಮುರಿದರೆ ಜೇಡಿ ಅಥವಾ ನೀರು ಕಡಿಮೆ.

ನೆರಳಿನಲ್ಲಿ ಐದು ವರಸೆ ಮೀರದಂತೆ ಜೋಡಿಸಿ, ಗೋಣಿಚೀಲ ಇಲ್ಲವೇ ಹುಲ್ಲು ಹೊದಿಸಿ. ಮರುದಿನದಿಂದ 21 ದಿನ, ಸಾಧ್ಯವಾದರೆ 28 ದಿನ, ಒಣಗದಂತೆ ನೀರು ಚಿಮುಕಿಸಿ. ಬಿಸಿಲಲ್ಲಿ ಬಿಟ್ಟರೆ ನೀರು ಆರಿಹೋಗಿ ಸಿಮೆಂಟ್ ಅರ್ಧದಲ್ಲೇ ನಿಲ್ಲುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಕಳೆದುಹೋದ ಬಲ ಮರಳುವುದಿಲ್ಲ. ಕೊನೆಗೆ ಪೂರ್ತಿ ಒಣಗಲು ಬಿಡಿ. ಹಸಿಯಾಗಿಯೇ ಗೋಡೆಗೇರಿದ ಬ್ಲಾಕ್ ಅಲ್ಲೇ ಕುಗ್ಗಿ ಬಿರಿಯುತ್ತದೆ.

ಒಣಗಿದ ಒಂದೆರಡನ್ನು ತೂಗಿ ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. 8 ಕಿಲೋ ಬ್ಲಾಕ್ 9.2 ಕಿಲೋ ಮೀರಬಾರದು, ಉಗುರಿನಿಂದ ಗೀರಿದರೆ ಮಣ್ಣು ಏಳಬಾರದು. ಎರಡಂತಸ್ತಿನ ಮನೆಯಾದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ನೆನೆಸಿದ ಬ್ಲಾಕನ್ನು ಒಡೆಸಿ ನೋಡಿ. 3ರಿಂದ 4 ಮೆಗಾಪ್ಯಾಸ್ಕಲ್ ಒತ್ತಡ ತಾಳಬೇಕು.

ಕಟ್ಟುವಾಗ 190 ಮಿಲಿಮೀಟರ್ ದಪ್ಪದ ಗೋಡೆಗೆ ಚದರ ಮೀಟರಿಗೆ 37 ಬ್ಲಾಕ್ ಹಿಡಿಯಿರಿ. ಬ್ಲಾಕಿನ ಮೈ ಒದ್ದೆ ಮಾಡಿ ಇಡಿ. ಗಾರೆಗೆ ಸಿಮೆಂಟ್ ಒಂದು, ಜಾಲಿಸಿದ ಮಣ್ಣು ಒಂದು, ಮರಳು ಆರು. ಮೇಸ್ತ್ರಿಗಳು ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಕೇಳಬಹುದು, ಒಪ್ಪಬೇಡಿ: ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಬಿರುಕು ಸಂದಿಯಲ್ಲಿ ಹೋಗದೆ ಬ್ಲಾಕನ್ನೇ ಸೀಳುತ್ತದೆ. ನೆಲದಿಂದ ಒಂದೂವರೆ ಅಡಿ ಕಲ್ಲಿನ ಪಾಯ ಏರಿದ ಮೇಲೆಯೇ ಮೊದಲ ವರಸೆ ಬರಲಿ, ಸೂರು ಎರಡಡಿ ಹೊರಚಾಚಲಿ. ಹೀಗಿದ್ದರೆ ಹೊರಗೋಡೆಗೆ ಪ್ಲಾಸ್ಟರ್ ಬೇಕಿಲ್ಲ, ಬಚ್ಚಲುಮನೆಯ ಒಳಗೋಡೆಗೆ ಮಾತ್ರ ಬೇಕು. ವಿದ್ಯುತ್ ಪೈಪಿನ ದಾರಿಯನ್ನು ಗೋಡೆ ಏಳುವಾಗಲೇ ಬಿಡಿಸಿಕೊಳ್ಳಿ. ಆಮೇಲೆ ಉಳಿಯಿಂದ ಕೊರೆದರೆ ಅಂಚುಗಳು ಒಡೆದು, ತೇಪೆ ಹಾಕಿದ್ದು ಎದ್ದು ಕಾಣುತ್ತದೆ.