ಗುರುತ್ವ, ದೇಶಕಾಲ, ಬಿಗ್ ಬ್ಯಾಂಗ್: ಚರ್ಚೆಗೆ ಕೂತ್ಕೊಳ್ಳುದು ಹೇಗೆ

ನಮ್ಮ ಕಾಸರಗೋಡು ಕಡೆ ಮಾತಾಡುವವ್ರಿಗೆ ಬರ ಇಲ್ಲ, ಕುಂಬಳೆ ಬದಿಯಡ್ಕ ಪೆರ್ಲ ಎಲ್ಲಿ ಹೋದ್ರೂ ತಾಳಮದ್ದಳೆ ಕೇಳಿಯೇ ಬೆಳೆದವ್ರು, ಒಬ್ಬ ಒಂದು ಮಾತು ಇಟ್ರೆ ಇನ್ನೊಬ್ಬ ಖಂಡಿಸ್ಲಿಕ್ಕೆ ರೆಡಿ. ಈಗ ವಾಚನಾಲಯದಲ್ಲಿ ಹುಡುಗ್ರು ಹುಡುಗಿಯರು ಬ್ಲ್ಯಾಕ್ ಹೋಲ್, ಬಿಗ್ ಬ್ಯಾಂಗ್ ಅಂತ ವಾದ ಮಾಡುದು ನೋಡುವಾಗ ನಂಗೆ ನಿಜವಾಗ್ಲೂ ಖುಷಿ ಆಗ್ತದೆ. ಆದ್ರೆ ಒಂದು ವ್ಯತ್ಯಾಸ ಉಂಟು, ತಾಳಮದ್ದಳೆಯಲ್ಲಿ ಕರ್ಣನ ಪಕ್ಷ ನಿಲ್ಲುದು ಅರ್ಥಧಾರಿಯ ಮಾತಿನ ಬಲದಲ್ಲಿ, ಇಲ್ಲಿ ನಿಲ್ಲುದು ಅಳತೆಯ ಬಲದಲ್ಲಿ.

ಹಾಗಾಗಿ ಚರ್ಚೆ ನಡೆಸುವವ್ರು ಸುರುವಿಗೇ ಎರಡೂ ಕಡೆಯವ್ರ ವಾದವನ್ನು ಒಂದೊಂದು ವಾಕ್ಯದಲ್ಲಿ ಬೋರ್ಡಲ್ಲಿ ಬರೆಸಿ, ಅದರ ಕೆಳಗೆ "ಎಂತ ಅಳೆದ್ರೆ ಇದು ತಪ್ಪು ಅಂತ ಗೊತ್ತಾಗ್ತದೆ?" ಅಂತ ಕೇಳಿ ಉತ್ತರ ಬರೆಸಿ. ಉತ್ತರ ಇಲ್ಲದ ವಾದವನ್ನು ಅವತ್ತಿಗೆ ಬದಿಗಿಡಿ. ಪುರಾಣದಲ್ಲಿ ಮೊದ್ಲೇ ಉಂಟು ಅನ್ನುವವ್ರಿಗೂ ಇದೇ ಪ್ರಶ್ನೆ, "ಅದು ಬರೀ ಥಿಯರಿ" ಅನ್ನುವವ್ರಿಗೂ ಇದೇ.

ಗುರುತ್ವದ ವಿಷಯದಲ್ಲಿ ಯಾರು ಸರಿ, ನ್ಯೂಟನ್ನಾ ಐನ್‌ಸ್ಟೈನಾ ಅನ್ನುವ ವಾದ ತಕ್ಕೊಳ್ಳಿ. ಬುಧ ಗ್ರಹ ಸೂರ್ಯನಿಗೆ ಅತೀ ಹತ್ರ ಬರುವ ಜಾಗ ಚೂರು ಚೂರೇ ಮುಂದೆ ಸರೀತಾ ಹೋಗ್ತದೆ, ಬೇರೆ ಗ್ರಹಗಳ ಎಳೆತ ಎಲ್ಲ ಲೆಕ್ಕ ಹಾಕಿದ್ರೂ ನೂರು ವರ್ಷಕ್ಕೆ 43 ಆರ್ಕ್ ಸೆಕೆಂಡ್ ಬಾಕಿ ಉಳೀತಿತ್ತು (ಒಂದು ಡಿಗ್ರಿಯ 3600ನೇ ಒಂದು ಪಾಲು ಅಂದ್ರೆ ಒಂದು ಆರ್ಕ್ ಸೆಕೆಂಡ್), 1915ರಲ್ಲಿ ಐನ್‌ಸ್ಟೈನ್ ಲೆಕ್ಕಕ್ಕೆ ಅದು ಸರಿಯಾಗಿ ಕೂತಿತು. ಮತ್ತೆ ಸೂರ್ಯನ ಅಂಚಿನಲ್ಲಿ ಹಾದು ಬರುವ ನಕ್ಷತ್ರದ ಬೆಳಕು ನ್ಯೂಟನ್ ಲೆಕ್ಕದಲ್ಲಿ 0.87 ಆರ್ಕ್ ಸೆಕೆಂಡ್ ಬಾಗ್ಬೇಕು, ಐನ್‌ಸ್ಟೈನ್ ಲೆಕ್ಕದಲ್ಲಿ 1.75, ಅಂದ್ರೆ ಡಬಲ್. 1919ರ ಮೇ 29ರ ಪೂರ್ಣ ಸೂರ್ಯಗ್ರಹಣದಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡಿಂಗ್ಟನ್ ತಂಡದವ್ರು ಅಳೆದದ್ದು ಇದನ್ನೇ, ಸಿಕ್ಕಿದ್ದು ಐನ್‌ಸ್ಟೈನ್ ಹೇಳಿದ ಕಡೆಗೆ. ಇಲ್ಲಿ ಯಾರಾದ್ರೂ ಕೇಳಿಯೇ ಕೇಳ್ತಾರೆ, 2019ರ ಡಿಸೆಂಬರ್ 26ಕ್ಕೆ ನಮ್ಮ ಚೆರುವತ್ತೂರಲ್ಲೇ ಗ್ರಹಣ ಅಷ್ಟು ಚಂದ ಕಂಡದ್ದಲ್ವಾ, ಆಗ ಅಳೀಬಹುದಿತ್ತಲ್ಲ ಅಂತ. ಆಗುದಿಲ್ಲ. ಅದು ಕಂಕಣ ಗ್ರಹಣ, ಸುತ್ತ ಉಳಿಯುವ ಬಳೆಯ ಬೆಳಕೇ ಸಾಕು ಪಕ್ಕದ ನಕ್ಷತ್ರ ಕಾಣದೆ ಇರ್ಲಿಕ್ಕೆ.

ದೇಶಕಾಲದ ವಿಷಯಕ್ಕೆ ಬಂದ್ರೆ (ಜಾಗ ಮತ್ತು ಕಾಲ ಒಟ್ಟು ಸೇರಿದ್ದೇ ದೇಶಕಾಲ, ಭಾರದ ವಸ್ತು ಇದ್ದಲ್ಲಿ ಅದು ಬಗ್ಗುದೇ ಗುರುತ್ವ ಅಂತ ಐನ್‌ಸ್ಟೈನ್ ಹೇಳಿದ್ದು) ರಬ್ಬರ್ ಶೀಟಿನ ಮೇಲೆ ಗುಂಡು ಇಟ್ಟು ತೋರಿಸುದನ್ನು ದಯವಿಟ್ಟು ಅಲ್ಲಿಗೇ ನಿಲ್ಲಿಸ್ಬೇಡಿ, ಆ ಶೀಟು ಬಗ್ಗುದೇ ಭೂಮಿಯ ಗುರುತ್ವದಿಂದ, ಅದನ್ನಿಟ್ಟು ಗುರುತ್ವ ವಿವರಿಸ್ಲಿಕ್ಕೆ ಹೊರಟ್ರೆ ಮೂಲ ಪ್ರಶ್ನೆ ಹಾಗೇ ಉಳೀತದೆ, ಮತ್ತೆ ಅದರಲ್ಲಿ ಕಾಲ ಕಾಣುದೇ ಇಲ್ಲ. ನಾವು ದಿನಾ ನೋಡುವ ಬೀಳುವಿಕೆಗೆ ಮುಖ್ಯ ಕಾರಣವೇ ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡದೆ ಇರುದು. ಇದಕ್ಕೆ ಜಿಪಿಎಸ್ ಹಿಡ್ಕೊಳ್ಳಿ: ಉಪಗ್ರಹದ ಗಡಿಯಾರ ಗುರುತ್ವ ಕಡಿಮೆ ಆದ್ದರಿಂದ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ, ವೇಗದಿಂದಾಗಿ 7 ಹಿಂದೆ, ಒಟ್ಟು 38 ಮುಂದೆ ಹೋಗ್ತದೆ, ಅದನ್ನು ಸರಿಪಡಿಸಿಯೇ ಕಳಿಸ್ತಾರೆ. ಜಿಪಿಎಸ್ ದೂರ ಲೆಕ್ಕ ಹಾಕುದೇ ಸಿಗ್ನಲ್ ಬರ್ಲಿಕ್ಕೆ ಹಿಡಿದ ಹೊತ್ತಿನಿಂದ, ಹಾಗಾಗಿ 38 ಮೈಕ್ರೋಸೆಕೆಂಡಿನಲ್ಲಿ (ಒಂದು ಮೈಕ್ರೋಸೆಕೆಂಡ್ ಅಂದ್ರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಬೆಳಕು ಎಷ್ಟು ದೂರ ಹೋಗ್ತದೆ ಅಂತ ಮಕ್ಕಳ ಕೈಯಲ್ಲಿ ಲೆಕ್ಕ ಮಾಡಿಸಿ, 11 ಕಿಲೋಮೀಟರಿಗಿಂತ ಜಾಸ್ತಿ ಬರ್ತದೆ. ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ತಿದ್ದಿ, ಸುಮಾರು 400 ಕಿಲೋಮೀಟರ್ ಮೇಲಿರುವ ಸ್ಪೇಸ್ ಸ್ಟೇಷನ್‌ನಲ್ಲೂ ಇಲ್ಲಿಯ ಸುಮಾರು 90 ಪರ್ಸೆಂಟ್ ಉಂಟು, ಅಲ್ಲಿಯ ಗಗನಯಾತ್ರಿಗಳು ತೇಲುದು ಸ್ಟೇಷನ್ ಜೊತೆ ತಾವೂ ಬೀಳ್ತಾ ಇರುದರಿಂದ.

ಬಿಗ್ ಬ್ಯಾಂಗ್ ವಾದ ಹೆಚ್ಚಾಗಿ ದಾರಿ ತಪ್ಪುದು "ಸ್ಫೋಟ ಆದದ್ದು ಎಲ್ಲಿ?" ಅನ್ನುವಲ್ಲಿ. ಯಾವುದೋ ಒಂದು ಜಾಗದಲ್ಲಿ ಆದ ಸ್ಫೋಟ ಅಲ್ಲ ಅದು, ಸುಮಾರು 1380 ಕೋಟಿ ವರ್ಷದ ಹಿಂದೆ ಎಲ್ಲ ಕಡೆಯೂ ಬಿಸಿ ಬಿಸಿ ದಟ್ಟ ಇತ್ತು, ಆಮೇಲೆ ಜಾಗವೇ ಹಿಗ್ಗುತ್ತಾ ತಣಿಯುತ್ತಾ ಬಂತು, ಅಷ್ಟು. ಅದರಾಚೆ, ಸೊನ್ನೆ ಹೊತ್ತಲ್ಲಿ ಎಂತ ಇತ್ತು ಅಂತ ಈ ಸಿದ್ಧಾಂತ ಹೇಳುದಿಲ್ಲ, ಹೇಳ್ತದೆ ಅಂತ ನೀವೂ ವಾದಿಸ್ಬೇಡಿ.

ವಿರೋಧಿಸುವವ್ರಿಗೆ ನಾನು ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ್ ನಾರ್ಲೀಕರ್ ಹೆಸರು ಹೇಳ್ತೇನೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಜೊತೆ ಸೇರಿ ಬಿಗ್ ಬ್ಯಾಂಗನ್ನು ಒಪ್ಪದೆ ವಾದಿಸಿದ್ರು, ಆದ್ರೆ ಬರೀ ಇಲ್ಲ ಅಂತ ಹೇಳಿದ್ದಲ್ಲ, ಸಮೀಕರಣ ಇಟ್ಟು ವಾದಿಸಿದ್ರು. 1965ರಲ್ಲಿ ಪೆನ್‌ಝಿಯಾಸ್ ಮತ್ತು ವಿಲ್ಸನ್‌ರಿಗೆ ಆಕಾಶದ ಎಲ್ಲ ದಿಕ್ಕಿನಿಂದ ಸಿಕ್ಕಿದ ಸುಮಾರು 2.7 ಕೆಲ್ವಿನ್ (ಮೈನಸ್ 270 ಡಿಗ್ರಿ ಸೆಲ್ಸಿಯಸ್ ಹತ್ರ) ವಿಕಿರಣ, ಅಂದ್ರೆ ಆ ಸುರುವಿನ ಬಿಸಿ ತಣಿದು ಉಳಿದದ್ದು, ಆ ಪಕ್ಷಕ್ಕೆ ದೊಡ್ಡ ಪೆಟ್ಟು ಕೊಟ್ಟಿತು. ವಿರೋಧ ಮಾಡುದಾದ್ರೆ ಹಾಗೆ ಮಾಡ್ಬೇಕು, ಪೆಟ್ಟು ಬೀಳ್ಲಿಕ್ಕೆ ಜಾಗ ಇಟ್ಟು.

ಇದೆಲ್ಲ ಆಗಿ ನಿಜವಾಗ್ಲೂ ಇನ್ನೂ ತೀರ್ಮಾನ ಆಗದ ವಿಷಯ ಬೇಕು ಅಂತಾದ್ರೆ ಮುಂದಿನ ಸಲ ಹಬಲ್ ಸ್ಥಿರಾಂಕ, ಅಂದ್ರೆ ವಿಶ್ವ ಈಗ ಎಷ್ಟು ವೇಗದಲ್ಲಿ ಹಿಗ್ತಾ ಉಂಟು ಅನ್ನುವ ಲೆಕ್ಕ, ಇಟ್ಕೊಳ್ಳಿ. ಆ ಹಳೇ ವಿಕಿರಣದಿಂದ ಲೆಕ್ಕ ಹಾಕಿದ್ರೆ ಪ್ರತೀ ಮೆಗಾಪಾರ್ಸೆಕ್ ದೂರಕ್ಕೆ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ಸೆಕೆಂಡಿಗೆ ಸುಮಾರು 67 ಕಿಲೋಮೀಟರ್, ಹತ್ತಿರದ ಗೆಲಾಕ್ಸಿಯ ಸೂಪರ್‌ನೋವಾ (ಸ್ಫೋಟಗೊಳ್ಳುವ ನಕ್ಷತ್ರ) ನೋಡಿ ಅಳೆದ್ರೆ ಸುಮಾರು 73. ಒಂದು ತಂಡ 67 ಹಿಡೀಲಿ, ಇನ್ನೊಂದು 73, ಅರ್ಧ ಗಂಟೆ ಆದ್ಮೇಲೆ ಪಕ್ಷ ಬದಲಿಸಿ ಕೂರಿಸಿ.